ಪೊರೆ ತೆಗೆದ ಮೇಲೆ ಕಣ್ಣಿನ ಪಾಲನೆ

ಕಣ್ಣಿನ ಪೊರೆಯೆಂದರೆ ಕಣ್ಣಿನ ಮೇಲೆ ಬೆಳೆದ ಪರದೆಯೆಂದು ಬಹುಮಂದಿ ತಿಳಿದಿರುವರು. ವಾಸ್ತವವಾಗಿ, ಪಾಪೆಯ ಹಿಂದಿರುವ ತಿಳಿಯಾದ ಮಸೂರವು ಬಹುಮಟ್ಟಿಗೆ ವಯಸ್ಸಿನ ಕಾರಣದಿಂದ ಮಬ್ಬಾಗುವುದೇ ಪೊರೆ. ಅದನ್ನು ತೆಗೆಯುವ ಶಸ್ತ್ರಕ್ರಿಯೆ ಇಂದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುವುದು. ಸವಳಂಗದಿಂದ ಶಿವಮೊಗ್ಗೆಗೆ ಹೋದ ಅಜ್ಜಿಯವರು ಅಂದೋ ಮರುದಿನವೋ ಬಸ್ಸಿನಲ್ಲಿ ಊರಿಗೆ ಮರಳಬಹುದು. ಆದರೆ ಕಣ್ಣು ಗುಣವಾಗಲು ಇನ್ನೂ ಒಂದೂವರೆ ತಿಂಗಳು ಬೇಕು. ಆ ಅವಧಿಯಲ್ಲಿ ಶುಶ್ರೂಷೆಯ ಹೊಣೆ ಮನೆಯವರದು. ಅನೇಕ ಮನೆಗಳಲ್ಲಿ ಅದು ಓದು ಬಲ್ಲ ಮೊಮ್ಮಕ್ಕಳ ಪಾಲಿಗೇ ಬರುವುದು. ಆದುದರಿಂದ ಪಾಲನೆಯ ನಿಯಮಗಳನ್ನೂ ಅವುಗಳ ಕಾರಣಗಳನ್ನೂ ನಾವು ಇಲ್ಲಿ ವಿಚಾರಿಸೋಣ.

ಗಾಯದ ಅಳತೆ

ಹಿಂದೆ ಮಸೂರವನ್ನು ಇಡಿಯಾಗಿ ಹೊರತೆಗೆಯಲು ಹತ್ತು ಮಿಲಿಮೀಟರಿಗೂ ಮೀರಿದ ಸೀಳು ಬೇಕಾಗಿತ್ತು. ಅದು ಬಿಚ್ಚದಂತೆ ರೋಗಿಯ ತಲೆಯ ಎರಡು ಪಕ್ಕಗಳಲ್ಲಿಯೂ ಮರಳಿನ ಚೀಲಗಳನ್ನಿಟ್ಟು ದಿನಗಟ್ಟಲೆ ಅಲುಗಾಡದೆ ಮಲಗಿಸುತ್ತಿದ್ದರು. ಬೀಳಗಿಯಲ್ಲಿ 1916ರಲ್ಲಿ ಜನಿಸಿ 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರಿಗೆ ದೃಷ್ಟಿ ನೀಡಿದುದನ್ನು ನಮ್ಮ ಹಿರಿಯರು ಇಂದಿಗೂ ಸ್ಮರಿಸುವರು. ಆ ಕಾಲದ ಕಟ್ಟುಪಾಡುಗಳೂ ಅವರ ನೆನಪಿನಲ್ಲಿ ಉಳಿದಿವೆ.

ಇಂದಿನ ಸೀಳು ಯಂತ್ರದ ವಿಧಾನದಲ್ಲಿ ಮೂರು ಮಿಲಿಮೀಟರಿನೊಳಗೆ. ಯಂತ್ರವಿಲ್ಲದ ಕಿರುಸೀಳಿನ ವಿಧಾನದಲ್ಲಿ ಸುಮಾರು ಆರು ಮಿಲಿಮೀಟರು. ಎರಡರಲ್ಲಿಯೂ ಅದು ಓರೆಯಾಗಿರುವುದರಿಂದ ಕಣ್ಣಿನ ಒಳಒತ್ತಡವೇ ಅದನ್ನು ಕದದಂತೆ ಮುಚ್ಚುವುದು. ಸಾಮಾನ್ಯವಾಗಿ ಹೊಲಿಗೆ ಬೇಡ. ಈ ಒತ್ತಡ ಸುಮಾರು 15 ಮಿಲಿಮೀಟರ್ ಪಾದರಸದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 20 ಗ್ರಾಂ ಭಾರದಷ್ಟು. ಕಣ್ಣುಜ್ಜಿದರೆ ಇದು ಒಮ್ಮೆಲೇ ಹಲವು ಮಡಿ ಏರಿ, ಮುಚ್ಚಿದ ಕದ ಬಾಯಿ ತೆರೆಯಬಹುದು. ಉಜ್ಜಬಾರದೆಂದೂ, ರಾತ್ರಿ ರಕ್ಷಾಕವಚ ಕಟ್ಟಿಕೊಳ್ಳಬೇಕೆಂದೂ, ಕೆಲವು ವಾರ ಭಾರವೆತ್ತಬಾರದೆಂದೂ ಹೇಳುವುದು ಇದಕ್ಕಾಗಿಯೇ. ನಡೆದಾಡುವುದಕ್ಕೂ ಊಟಕ್ಕೂ ಅಡ್ಡಿಯಿಲ್ಲ. ಪಥ್ಯವೆಂದು ಅರೆಹೊಟ್ಟೆಯಲ್ಲಿರಿಸುವುದು ನಿರರ್ಥಕ. ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ಅದನ್ನು ಹತೋಟಿಯಲ್ಲಿಡಬೇಕು.

ಹನಿ ಹಾಕುವ ಕ್ರಮ

ದೊಡ್ಡ ಅಪಾಯವೆಂದರೆ ಸೋಂಕು. ಕಣ್ಣಿನೊಳಗೆ ಕ್ರಿಮಿಗಳು ಹೊಕ್ಕರೆ ಕೆಲವೇ ದಿನಗಳಲ್ಲಿ ದೃಷ್ಟಿ ನಾಶವಾಗಬಹುದು. ಕ್ರಿಮಿನಾಶಕ ಹನಿಗಳನ್ನೂ ಉರಿಯೂತವನ್ನು ತಗ್ಗಿಸುವ ಹನಿಗಳನ್ನೂ ವೈದ್ಯರು ಕೊಡುವರು. ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ಅವನ್ನು ನಡುವೆ ನಿಲ್ಲಿಸಬಾರದು. ಹೇಳಿದ ಅವಧಿ ಮೀರಿ ಮುಂದುವರಿಸಲೂ ಬಾರದು, ಏಕೆಂದರೆ ಸ್ಟೀರಾಯ್ಡ್ ಹನಿ ಕೆಲವರಲ್ಲಿ ಕಣ್ಣಿನ ಒತ್ತಡವನ್ನು ಏರಿಸುವುದು.

ಮೊದಲು ಸೋಪಿನಿಂದ ಕೈ ತೊಳೆಯಬೇಕು. ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಸೀಸೆಯ ತುದಿ ರೆಪ್ಪೆಗೆ ತಾಗದಂತೆ ಒಂದೇ ಹನಿ ಬಿಡಬೇಕು. ರೆಪ್ಪೆಯೊಳಗಿನ ಜಾಗ ಒಂದು ಹನಿಗಿಂತ ಹೆಚ್ಚನ್ನು ಹಿಡಿಯದು. ಎರಡನೆಯ ಔಷಧವನ್ನು ಕೂಡಲೇ ಹಾಕಿದರೆ ಮೊದಲನೆಯದು ಕೊಚ್ಚಿಹೋಗುವುದು. ಆದ್ದರಿಂದ ನಡುವೆ ಐದು ನಿಮಿಷದ ಅಂತರ ಅವಶ್ಯ. ನಂದಿಬಟ್ಟಲಿನ ರಸ, ಎದೆಹಾಲು, ಹರಳೆಣ್ಣೆ ಇವುಗಳಿಗೆ ಅಲ್ಲಿ ಸ್ಥಾನವಿಲ್ಲ. ಕೆರೆಯ ನೀರೂ ನಲ್ಲಿಯ ನೀರೂ ಕಣ್ಣಿಗೆ ತಾಗದಿರಲಿ. ನಮ್ಮ ಸೀಮೆಯಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆಯಿಂದಲೂ ಮೆಕ್ಕೆಜೋಳ ಒಕ್ಕುವ ಕಣದ ಧೂಳಿನಿಂದಲೂ ಅಜ್ಜಿಯವರನ್ನು ದೂರವಿರಿಸಬೇಕು.

ಕನ್ನಡಕವೇಕೆ?

ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರು. ಅದರಲ್ಲಿ ಮೂರರಲ್ಲೊಂದು ಭಾಗ ಮಸೂರದ್ದು. ಹಿಂದೆ ಅದನ್ನು ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಅನಿವಾರ್ಯವಾಗಿತ್ತು. ಯುದ್ಧವಿಮಾನದ ಅಕ್ರಿಲಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿದ್ದರೂ ಉರಿಯೂತವನ್ನುಂಟುಮಾಡದಿರುವುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಆ ವಸ್ತುವಿನ ಮಸೂರವನ್ನೇ ಕಣ್ಣಿನೊಳಗಿಟ್ಟನು. ಇಂದು ಸಾಮಾನ್ಯವಾಗಿ ಅಳವಡಿಸುವ ಕೃತಕ ಮಸೂರದ ಸಂಗಮದೂರ ಸ್ಥಿರ. ದೂರಕ್ಕೆ ಹೊಂದಿಸಿದರೆ ಓದಲು ಕನ್ನಡಕ ಬೇಕೇ ಬೇಕು. ಅಲ್ಲದೆ ಗಾಯ ಮಾಯುವಾಗ ಕಾರ್ನಿಯಾದ ವಕ್ರತೆ ತುಸು ಬದಲಾಗುತ್ತಿರುವುದು. ಅವಸರದಿಂದ ಮೊದಲ ವಾರದಲ್ಲೇ ಕೊಂಡ ಕನ್ನಡಕ ತಿಂಗಳಾಗುವಷ್ಟರಲ್ಲಿ ಹೊಂದದೆ ಹೋಗಬಹುದು. ನಾಲ್ಕರಿಂದ ಆರು ವಾರಗಳ ಬಳಿಕ ಪರೀಕ್ಷೆ ಮಾಡಿಸುವುದೇ ಸರಿ.

ಮರುಭೇಟಿ

ಮೊದಲ ದಿನಗಳಲ್ಲಿ ತುಸು ಕರಕರಿಯೂ ನೀರೊಸರುವುದೂ ಸಹಜ. ಹಳದಿಗಟ್ಟಿದ ಮಸೂರ ಹೋದುದರಿಂದ ನೀಲಿ ಬಣ್ಣ ಹೆಚ್ಚು ಉಜ್ವಲವಾಗಿ ಕಾಣುವುದೂ ಸಹಜವೇ. ಆದರೆ ನೋವು ಹೆಚ್ಚುತ್ತ ಹೋದರೆ, ಕೆಂಪು ಏರಿದರೆ, ಕೀವು ಬಂದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಪಕ್ಕದಿಂದ ತೆರೆ ಎಳೆದಂತಾಗುವುದು ಇವು ಅಕ್ಷಿಪಟ ಕಳಚುತ್ತಿರುವುದರ ಸೂಚನೆಗಳಾಗಿರಬಹುದು. ನಾಳಿನ ಬಸ್ಸಿಗೆ ಕಾಯುವ ಹೊತ್ತು ಅದಲ್ಲ.

ತಿಂಗಳು ವರ್ಷಗಳ ಮೇಲೆ ನೋಟ ಮೆಲ್ಲನೆ ಮಂಕಾದರೆ ಪೊರೆ ಮತ್ತೆ ಬಂದಿತೆಂದು ನಿರಾಶರಾಗಬೇಕಿಲ್ಲ. ಅನೇಕ ವೇಳೆ ಕೃತಕ ಮಸೂರದ ಹಿಂದಿನ ತೆಳುಚೀಲ ಮಬ್ಬಾಗಿರುತ್ತದೆ. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಅದರಲ್ಲೊಂದು ಕಿಂಡಿ ತೆರೆಯಬಹುದು.

ಶಸ್ತ್ರಕ್ರಿಯೆಯ ಮರುದಿನ, ವಾರದ ಬಳಿಕ, ತಿಂಗಳ ಬಳಿಕ: ಇವು ಸಾಮಾನ್ಯವಾಗಿ ಗೊತ್ತುಮಾಡುವ ಭೇಟಿಗಳು. ಕಣ್ಣು ಕಾಣುತ್ತಿದೆಯಲ್ಲ, ಮತ್ತೇಕೆ ಬಸ್ಸಿನ ಖರ್ಚು ಎಂದು ಹಿರಿಯರು ಹಿಂಜರಿಯುವುದುಂಟು. ಆಸ್ಪತ್ರೆಯ ಚೀಟಿಯನ್ನು ಓದಿ, ಹನಿಗಳ ವೇಳೆಯನ್ನೂ ಭೇಟಿಯ ದಿನಗಳನ್ನೂ ಗೋಡೆಯ ಪಂಚಾಂಗದಲ್ಲಿ ಗುರುತಿಸಿ, ಅವರ ಜೊತೆಗೆ ಹೋಗಿಬರುವುದು ವಿದ್ಯಾರ್ಥಿಯಾದವನಿಗೂ ವಿದ್ಯಾರ್ಥಿನಿಯಾದವಳಿಗೂ ಸಾಧ್ಯವಾದ ಸೇವೆ.