ಕಬ್ಬಿಣದ ರೇಲಿಂಗಿನ ಮೇಲೆ ವಿದ್ಯುದ್ದೀಪ: ಅರ್ಥಿಂಗ್ ಒಂದೇ ಸಾಕೆ?

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ನೆಲೆಸಿರುವ ನಮಗೆ ಬಾಲ್ಕನಿ ಮತ್ತು ತಾರಸಿಗಳೇ ಅಂಗಳ. ಗಣೇಶೋತ್ಸವದಿಂದ ದೀಪಾವಳಿಯವರೆಗೆ ದೀಪಗಳು ಏರುವುದು ಅಲ್ಲಿನ ರೇಲಿಂಗುಗಳ ಮೇಲೆಯೇ. ಹಬ್ಬದ ಸರಮಾಲೆ ಕೆಲವು ದಿನಗಳ ಮಾತು. ಆದರೆ ರೇಲಿಂಗಿಗೆ ಶಾಶ್ವತವಾಗಿ ಕೂರಿಸಿದ ಲೋಹದ ದೀಪಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನೆನೆಯುತ್ತವೆ. ಒಳಗಿನ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಇಡೀ ರೇಲಿಂಗಿನಲ್ಲಿ 230 ವೋಲ್ಟ್ ವಿದ್ಯುತ್ ಸೇರಿಕೊಳ್ಳಬಹುದು. ದೀಪವಾದರೋ ಏನೂ ಆಗದಂತೆ ಉರಿಯುತ್ತಲೇ ಇರುತ್ತದೆ.

"ಅರ್ಥಿಂಗ್ ಕೊಟ್ಟಿದೆ" ಎಂದು ವಯರ್‌ಮನ್ ಹೇಳಿದಾಗ "ಎಲ್ಲಿಗೆ?" ಎಂದು ಕೇಳುವುದು ಒಳ್ಳೆಯದು. ದೀಪವನ್ನು ರೇಲಿಂಗಿಗೆ ಬೋಲ್ಟ್ ಮಾಡಿದ್ದನ್ನೇ ಅರ್ಥಿಂಗ್ ಎಂದು ಭಾವಿಸುವವರಿದ್ದಾರೆ. ಬಣ್ಣ ಬಳಿದ, ಬೆಸುಗೆಗಳು ತುಕ್ಕು ಹಿಡಿದ ರೇಲಿಂಗನ್ನು ಭೂಮಿಗೆ ಹೋಗುವ ದಾರಿಯೆಂದು ನಂಬಲಾಗದು. ಇನ್ನು ಕೆಲವರು ನೆಲದಲ್ಲಿ ಒಂದು ಸರಳು ನೆಟ್ಟು ಸಮಾಧಾನಪಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಆ ದಾರಿಯ ರೋಧ 20 ಓಮ್ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ ಸುಮಾರು 11 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇಷ್ಟಕ್ಕೆ ಬೀಳುವುದಿಲ್ಲ. ರೇಲಿಂಗ್ ಮುಟ್ಟಿದವರ ದೇಹದ ರೋಧ 1000 ಓಮ್ ಎಂದಾದರೆ 200 ಮಿಲಿಆಂಪಿಯರಿಗೂ ಹೆಚ್ಚು ವಿದ್ಯುತ್ ದೇಹದ ಮೂಲಕ ಹಾಯಬಹುದು. ಪ್ರಾಣ ತೆಗೆಯಲು ಅದು ಸಾಕು.

ಆದ್ದರಿಂದ ದೀಪಕ್ಕೆ ಮೂರು ಎಳೆಯ ಕೇಬಲ್ ಇರಬೇಕು. ಅದರ ಹಸಿರು ಅಥವಾ ಹಸಿರು-ಹಳದಿ ತಂತಿಯು ದೀಪದ ಲೋಹದ ಕವಚದಿಂದ ಹೊರಟು ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನ ಅರ್ಥ್ ಟರ್ಮಿನಲ್ ತಲುಪಬೇಕು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿಗೆ ತಂತಿಯೇ ಇರದಿರುವುದುಂಟು. ಆಗ ಅದನ್ನು ನ್ಯೂಟ್ರಲಿಗೆ ಸೇರಿಸುವ ಚಾಳಿ ಬಲು ಅಪಾಯಕಾರಿ. ಜೊತೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅನಿವಾರ್ಯ. ಅಷ್ಟು ಸೋರಿಕೆಯಾದೊಡನೆ, ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ, ಅದು ವಿದ್ಯುತ್ತನ್ನು ಕಡಿಯುತ್ತದೆ.

ಬಾಂಡಿಂಗ್ ಎಂಬುದು ಬೇರೆಯೇ ಸಂಗತಿ. ತಂತಿಯ ಮೇಲೆ ಕುಳಿತ ಹಕ್ಕಿಗೆ ಆಘಾತವಾಗುವುದಿಲ್ಲ. ಅದರ ಎರಡು ಕಾಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸವಿಲ್ಲವಲ್ಲ! ಹಾಗೆಯೇ ಒಂದು ಕೈ ರೇಲಿಂಗಿನ ಮೇಲೆ, ಇನ್ನೊಂದು ಕೈ ಏ.ಸಿ.ಯ ಲೋಹದ ಕವಚದ ಮೇಲೆ ಇರುವವನಿಗೆ ಎರಡೂ ಲೋಹಗಳು ಒಂದೇ ಮಟ್ಟದಲ್ಲಿರಬೇಕು. ಅದಕ್ಕಾಗಿ ಅವನ್ನು 4 ಚದರ ಮಿಲಿಮೀಟರ್ ತಾಮ್ರದ ತಂತಿಯಿಂದ ಜೋಡಿಸಿ ಅದೇ ಅರ್ಥ್ ಟರ್ಮಿನಲಿಗೆ ಸೇರಿಸುತ್ತಾರೆ. ರೇಲಿಂಗಿನ ಬಿಡಿ ತುಂಡುಗಳ ನಡುವೆಯೂ, ಗೇಟಿನ ಕೀಲಿನ ಮೇಲೂ ತಂತಿಯ ಕೊಂಡಿ ಬೇಕು. ಜೋಡಣೆಯ ಜಾಗದಲ್ಲಿ ಬಣ್ಣ ಕೆರೆದು, ತವರ ಲೇಪಿಸಿದ ಲಗ್ ಬಿಗಿದು, ಮೇಲೆ ಮತ್ತೆ ಬಣ್ಣ ಹಚ್ಚಬೇಕು. ಕಡಲಗಾಳಿಯಲ್ಲಿ ಬರಿಯ ತಾಮ್ರವೂ ಕಬ್ಬಿಣವೂ ತಾಗಿದಲ್ಲಿ ಕಬ್ಬಿಣ ಬೇಗನೆ ತಿಂದುಹೋಗುತ್ತದೆ.

ಎಲ್ಲ ರೇಲಿಂಗುಗಳಿಗೂ ಇದು ಬೇಕೆಂದಲ್ಲ. ಚೌಕದೊಳಗೆ ಚೌಕದ ಗುರುತುಳ್ಳ ಇಮ್ಮಡಿ ಹೊದಿಕೆಯ ದೀಪಗಳಿಗೆ ಅರ್ಥಿಂಗ್ ಬೇಡ; ಅವುಗಳಿಗಾಗಿ ಬಿಡಿಯಾಗಿ ನಿಂತ ರೇಲಿಂಗನ್ನು ಅರ್ಥ್ ಮಾಡಿದರೆ ಬೇರೆಡೆಯ ದೋಷದ ವೋಲ್ಟೇಜನ್ನು ಅಲ್ಲಿಗೆ ಕರೆತಂದಂತಾದೀತು. ಮಕ್ಕಳು ಆಡುವ ತಾರಸಿಗೆ ನಮ್ಮ ಆಯ್ಕೆ 12 ವೋಲ್ಟಿನ ದೀಪಗಳೇ. ಅವುಗಳ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಮಾತ್ರ ಒಳಗೆ, ಒಣಗಿದ ಜಾಗದಲ್ಲಿರಲಿ.

ಆರ್.ಸಿ.ಸಿ.ಬಿ.ಯ ಮೇಲಿನ ಟೆಸ್ಟ್ ಗುಂಡಿಯು ಆ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ಥ್ ತಂತಿ ತುಂಡಾಗಿದ್ದರೂ ಗುಂಡಿ ಒತ್ತಿದಾಗ ಅದು ಬಿದ್ದೇ ಬೀಳುತ್ತದೆ. ದೀಪದ ಕವಚದಿಂದ ಬೋರ್ಡಿನವರೆಗಿನ ತಂತಿಯನ್ನು ಪ್ರತಿವರ್ಷ ಮಳೆಗೆ ಮುನ್ನ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದ ಮೀಟರ್ ಹಿಡಿಸಿಯೇ ನೋಡಿಸಬೇಕು.