ಕರ್ಣನ ಅರ್ಥ ಯಾರು ಹೇಳಬೇಕು?

ಮಳೆಗಾಲ ಕಾಲಿಟ್ಟಿತೆಂದರೆ ಯಲ್ಲಾಪುರ ಸೀಮೆಯ ವಜ್ರಳ್ಳಿಯಂಥ ಊರುಗಳಲ್ಲಿ ತಾಳಮದ್ದಳೆಯ ನೆನಪಾಗದಿರದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದೊಡನೆ ಎದುರುಬದುರು ಕುಳಿತ ಅರ್ಥಧಾರಿಗಳು ಮಾತಿನಲ್ಲಿಯೇ ಪಾತ್ರವನ್ನು ಕಟ್ಟುತ್ತಾರೆ. ನಿನ್ನೆ ಕೌರವನನ್ನು ಸಮರ್ಥಿಸಿದವರೇ ಇಂದು ಕೃಷ್ಣನಾಗಿ ಅವನನ್ನು ಖಂಡಿಸಬಲ್ಲರು. ಎದುರಾಳಿಯ ಒಳಗನ್ನು ಹೊಕ್ಕು ಬರುವ ಈ ವಿದ್ಯೆಯನ್ನು ಶಾಲೆಯ ಕೋಣೆಗೆ ತರಬೇಕೆಂಬುದು ನನ್ನ ಬಿನ್ನಹ.

ತರಗತಿಯ ಹೀಯಾಳಿಕೆಯನ್ನು ಕಾಣದವರು ಯಾರು? ತೊದಲುವವನಿಗೊಂದು ಅಡ್ಡಹೆಸರು, ಹರಕು ಅಂಗಿಗೊಂದು ನಗೆ. ಇದೇ ತಾಲೂಕಿನ ಸಿದ್ದಿ ಜನರ ಮಕ್ಕಳು ಗುಂಗುರು ಕೂದಲಿಗಾಗಿ, ಮೈಬಣ್ಣಕ್ಕಾಗಿ ಕೇಳಬೇಕಾಗಿ ಬಂದ ಮಾತುಗಳು ಕೊಂಚವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ನಿಜ. ಆದರೆ ಹಿಂದಿನ ಬೆಂಚಿನ ಪಿಸುಮಾತಿಗೆ ಯಾವ ಕಾಯಿದೆಯ ಕಿವಿ ಮುಟ್ಟೀತು? ನಗುವ ಗುಂಪಿನಲ್ಲಿ ಬಾಲ್ಯದಲ್ಲಿ ನಾನೂ ಇದ್ದವನೇ. ನಕ್ಕದ್ದು ತಪ್ಪೆಂದು ಆಗ ತೋರಲಿಲ್ಲ.

ಆದಿಪರ್ವದ ಶಸ್ತ್ರವಿದ್ಯಾಪ್ರದರ್ಶನದ ಸಂದರ್ಭವನ್ನು ನೋಡಿರಿ. ಕೃಪಾಚಾರ್ಯ ಕುಲವನ್ನು ಕೇಳುತ್ತಾನೆ. ಕರ್ಣ ತಲೆ ತಗ್ಗಿಸುತ್ತಾನೆ. ದುರ್ಯೋಧನ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಸಾರಥಿಯಾದ ತಂದೆ ಬಂದುದನ್ನು ಕಂಡು ಭೀಮ, ಬಿಲ್ಲನ್ನು ಬಿಟ್ಟು ಚಾವಟಿ ಹಿಡಿಯೆಂದು ಮೂದಲಿಸುತ್ತಾನೆ. ಮಕ್ಕಳಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ.

ಪಾತ್ರ ಹಂಚುವಲ್ಲಿ ಮಾತ್ರ ಉಪಾಧ್ಯಾಯರ ವಿವೇಕ ಬೇಕು. ನಿತ್ಯ ನಗೆಗೀಡಾಗುವ ಹುಡುಗನಿಗೆ ಕರ್ಣನ ಅರ್ಥ ಕೊಡುವುದು ಅವನ ಗಾಯವನ್ನು ಮತ್ತೊಮ್ಮೆ ಸಭೆಗೆ ತಂದಂತೆ. ಮೂದಲಿಸುವವನೇ ಕರ್ಣನಾಗಲಿ, ತಲೆ ತಗ್ಗಿಸಿದ ಆ ಗಳಿಗೆಯಲ್ಲಿ ಏನೆನಿಸಿತೆಂಬುದನ್ನು ಅವನ ಬಾಯೇ ಹೇಳಲಿ. ನೊಂದವನು ಬೇಕೆಂದರೆ ಕೃಪನಾಗಲಿ, ಬೇಡವೆಂದರೆ ತಾಳ ಹಿಡಿಯಲಿ. ಇದೇ ಸೀಮೆಯ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ಸಿದ್ದಿ ಕಲಾವಿದರು ಚಿನುವ ಅಚಿಬೆಯ ಕಾದಂಬರಿಯ ರಂಗರೂಪವನ್ನು ಆಡಿದರು. ಅಲ್ಲಿ ಅವರು ತಮ್ಮ ಇಚ್ಛೆಯಿಂದ ರಂಗವನ್ನೇರಿದವರು. ಬಲವಂತದ ಪಾತ್ರಕ್ಕೂ ಅದಕ್ಕೂ ಅಜಗಜಾಂತರ.

ಇನ್ನೊಂದು ಪಾತ್ರವನ್ನು ಹೊಸದಾಗಿ ಸೇರಿಸಬಹುದು: ಸುಮ್ಮನೆ ಕುಳಿತ ಸಭಿಕ. ಬ್ರೆಜಿಲ್ ದೇಶದ ಅಗಸ್ಟೊ ಬೋಲ್ ತನ್ನ ರಂಗಪದ್ಧತಿಯಲ್ಲಿ ಪ್ರೇಕ್ಷಕನೇ ಆಟವನ್ನು ತಡೆದು ಎದ್ದುಬಂದು ಕಥೆಯನ್ನು ಬದಲಿಸುವ ಅವಕಾಶವಿತ್ತ. ಹಾಗೆಯೇ ಇಲ್ಲಿಯೂ ಒಬ್ಬ ಹುಡುಗಿ ಎದ್ದು ಭೀಮನ ಮಾತನ್ನು ತಡೆಯಲಿ. ಆ ದಿನ ಕೈಹಿಡಿದವನು ದುರ್ಯೋಧನನೊಬ್ಬನೇ. ಆ ಋಣ ಕರ್ಣನನ್ನು ಕುರುಕ್ಷೇತ್ರದವರೆಗೆ ಎಳೆಯಿತು. ಸಭೆಯಲ್ಲಿ ಮತ್ತೊಬ್ಬರು ಎದ್ದಿದ್ದರೆ ಅವನು ಎತ್ತ ಹೋಗುತ್ತಿದ್ದ? ಉತ್ತರವನ್ನು ಕರಿಹಲಗೆಯ ಮೇಲೆ ಬರೆಯದೆ, ಗಂಟೆ ಬಾರಿಸುವ ತನಕ ಮಕ್ಕಳು ವಾದಿಸಲೆಂದು ಬಿಟ್ಟುಬಿಡಬೇಕು.