ತಂಡ ಕೊಳ್ಳುವ ಧಣಿ ಯಾರು?

ತಂಡವೊಂದು ಮಾರಾಟಕ್ಕಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಅದರ ಅಭಿಮಾನಿಗಳು ಆಟದ ಮಾತು ಬಿಟ್ಟು ಲೆಕ್ಕಪತ್ರದ ಮಾತಿಗೆ ಇಳಿಯುತ್ತಾರೆ. 2025ರ ನವೆಂಬರ್ 5ರಂದು ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಷೇರುಪೇಟೆಗೆ ಒಂದು ಪತ್ರ ಬರೆಯಿತು. ರಾಯಲ್ ಚಾಲೆಂಜರ್ಸ್ ಬೆಂಗಳೂರು ಕ್ರಿಕೆಟ್ ತಂಡಗಳ ಒಡೆತನ ಹೊಂದಿದ್ದ ತನ್ನ ಅಂಗಸಂಸ್ಥೆಯಲ್ಲಿನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿಯೂ, 2026ರ ಮಾರ್ಚ್ 31ರೊಳಗೆ ಆ ಕೆಲಸ ಮುಗಿಯುವ ನಿರೀಕ್ಷೆ ಇರುವುದಾಗಿಯೂ ಅದರಲ್ಲಿತ್ತು. ‘ಮಾರುತ್ತೇವೆ’ ಎಂಬ ಮಾತು ಅಲ್ಲಿರಲಿಲ್ಲ. ಆದರೆ ವ್ಯಾಪಾರಿಗಳ ಭಾಷೆಯಲ್ಲಿ ಮರುಪರಿಶೀಲನೆ ಎಂದರೆ ಏನೆಂದು ತಿಳಿಯದಷ್ಟು ಮುಗ್ಧರು ಈಗ ಯಾರಿದ್ದಾರೆ? ತುಮಕೂರಿನ ಮರಳೂರಿನ ಚಹಾದಂಗಡಿಯಿಂದ ಬೆಂಗಳೂರಿನ ಮೆಟ್ರೊ ರೈಲಿನವರೆಗೆ ಆ ಚಳಿಗಾಲವಿಡೀ ಒಂದೇ ಪ್ರಶ್ನೆ: ಆರ್‌ಸಿಬಿಯನ್ನು ಯಾರು ಕೊಳ್ಳುತ್ತಾರೆ?

ಈ ಊಹಾಪೋಹ ಅದಕ್ಕೂ ಮೊದಲೇ ಒಮ್ಮೆ ಎದ್ದು ಅಡಗಿತ್ತು. 2025ರ ಜೂನ್‌ನಲ್ಲಿ ಇಂಥದೇ ವರದಿ ಬಂದಾಗ ಕಂಪನಿ ಅದನ್ನು ಬರೀ ಊಹೆ ಎಂದು ತಳ್ಳಿಹಾಕಿತ್ತು. ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರ ಹೆಸರೂ ಕೊಳ್ಳುವವರ ಸಾಲಿನಲ್ಲಿ ಓಡಾಡಿ, ತಾವು ರಾಯಲ್ ಚಾಲೆಂಜ್ ಕುಡಿಯುವುದೂ ಇಲ್ಲ, ಆರ್‌ಸಿಬಿ ಯಾಕೆ ಎಂದು ಅವರು ನಗೆಯಾಡಿದ್ದರು. ಜೂನ್‌ನ ಅಲ್ಲಗಳೆತಕ್ಕೂ ನವೆಂಬರ್‌ನ ಪತ್ರಕ್ಕೂ ನಡುವೆ ಐದೇ ತಿಂಗಳು. ಗಾಳಿಮಾತನ್ನು ನಂಬಿದವರು ಪೂರ್ತಿ ಮೋಸ ಹೋಗಿರಲಿಲ್ಲ!

ಆ ವ್ಯವಹಾರದ ಅಂಕಿಸಂಖ್ಯೆ ವಾಣಿಜ್ಯ ಪುಟಕ್ಕೆ ಬಿಟ್ಟದ್ದು. ಇಲ್ಲಿ ಹೇಳಬೇಕಾದದ್ದು ಬೇರೆ. ಮಾಲೀಕ ಯಾರಾಗಬಹುದು ಎಂದು ಲೆಕ್ಕ ಹಾಕುವುದು ಕ್ರಿಕೆಟ್ ಅಭಿಮಾನಿಗೆ ಹೊಸದು, ಫುಟ್‌ಬಾಲ್ ಅಭಿಮಾನಿಗೆ ಹಳೆಯದು. ನಮ್ಮ ದೇಶದಲ್ಲಿ ಆ ಕಥೆ ಅತ್ಯಂತ ಉದ್ದವಾಗಿ ನಡೆದದ್ದು ಕೋಲ್ಕತ್ತದಲ್ಲಾದರೂ, ಅದರಲ್ಲಿ ಎರಡು ಸಲ ಹಣದ ಥೈಲಿ ಹಿಡಿದು ಹೋದವರು ಬೆಂಗಳೂರಿನವರು.

ಮೊದಲ ಸಲ ಹೋದದ್ದು ವಿಜಯ್ ಮಲ್ಯ ಅವರ ಯುಬಿ ಸಮೂಹ. ಆರ್‌ಸಿಬಿಯನ್ನು 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ಪಡೆದದ್ದೂ ಇದೇ ಸಮೂಹ. ಅದಕ್ಕೆ ಹತ್ತು ವರ್ಷ ಮೊದಲೇ, 1998ರಲ್ಲಿ, ಅದು ಕೋಲ್ಕತ್ತದ ಎರಡು ಹಳೆಯ ಕ್ಲಬ್‌ಗಳ ಬಾಗಿಲು ತಟ್ಟಿತ್ತು.

ಮಾರಲಾಗದ್ದನ್ನು ಮಾರಿದ ಬಗೆ

ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. ಬರಿಗಾಲಿನ ಬಂಗಾಳಿ ಹುಡುಗರು 1911ರಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಥೆಯನ್ನು ಅಲ್ಲಿ ಸ್ವಾತಂತ್ರ್ಯ ಚಳವಳಿಯ ಒಂದು ಅಧ್ಯಾಯ ಎಂದೇ ಹೇಳುತ್ತಾರೆ. ಈಸ್ಟ್ ಬೆಂಗಾಲ್ 1920ರದ್ದು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದವರಿಗೆ ಅದು ಕಳೆದುಹೋದ ಊರಿನ ಹೆಸರಾಗಿತ್ತು. ಇವೆರಡೂ ಯಾರೊಬ್ಬರ ಆಸ್ತಿಯೂ ಅಲ್ಲ. ಚಂದಾ ಕೊಡುವ ಸದಸ್ಯರು, ಮತ ಹಾಕಿ ಆರಿಸುವ ಕಾರ್ಯಕಾರಿ ಸಮಿತಿ, ನಮ್ಮ ಊರಿನ ಸಹಕಾರ ಸಂಘದ ಹಾಗೆಯೇ ವಾರ್ಷಿಕ ಸಭೆ, ಗದ್ದಲ ಎಲ್ಲವೂ ಉಂಟು.

ಸಂಘವನ್ನು ಮಾರುವಂತಿಲ್ಲ. ಹಾಗಾದರೆ ಉದ್ಯಮಿ ಕೊಳ್ಳುವುದೇನನ್ನು? ಉಪಾಯ ಸರಳ. ಸಂಘದೊಳಗಿನಿಂದ ಫುಟ್‌ಬಾಲ್ ತಂಡವನ್ನು ಮಾತ್ರ ಎತ್ತಿ ಹೊಸದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಇಡುವುದು, ಆ ಕಂಪನಿಯ ಷೇರುಗಳನ್ನು ಹಂಚಿಕೊಳ್ಳುವುದು. ಗುಡಿ ಸಂಘದ್ದಾಗಿ ಉಳಿಯುತ್ತದೆ, ಉತ್ಸವಮೂರ್ತಿ ಕಂಪನಿಯದಾಗುತ್ತದೆ. 1998ರ ಒಪ್ಪಂದಗಳಲ್ಲಿ ಅರ್ಧ ಪಾಲು ಕ್ಲಬ್ಬಿನದು, ಅರ್ಧ ಯುಬಿಯದು. ಒಂದು ತಂಡ ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು, ಇನ್ನೊಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್. ಪರಸ್ಪರ ಮುಖ ನೋಡದ ಎರಡು ಮನೆಗಳಿಗೆ ಒಬ್ಬನೇ ಸಾಹುಕಾರ ಅರ್ಧರ್ಧ ಯಜಮಾನ!

ಇದು ಎಂದಿನ ಅರ್ಥದ ಮಾರಾಟವಾಗಿರಲಿಲ್ಲ, ಪ್ರಾಯೋಜಕತ್ವದ ದಪ್ಪ ರೂಪವಾಗಿತ್ತು. ತಂಡ ನಡೆಸುವ ಹಿಡಿತ ಹಳೆಯ ಪದಾಧಿಕಾರಿಗಳ ಕೈಯಲ್ಲೇ ಉಳಿಯಿತು. ಅಂಗಿಯ ಮೇಲೆ ಕಿಂಗ್‌ಫಿಷರ್ ಹಕ್ಕಿ ಹೊತ್ತೇ ಈಸ್ಟ್ ಬೆಂಗಾಲ್ 2003ರಲ್ಲಿ ಜಕಾರ್ತದಲ್ಲಿ ಆಸಿಯಾನ್ ಕ್ಲಬ್ ಕಪ್ ಗೆದ್ದಿತು. ಗೆಲುವಿದ್ದಾಗ ಒಡೆತನದ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಎರಡನೆಯ ಸಲ ಹೋದದ್ದು ಬೆಂಗಳೂರಿನದೇ ಕ್ವೆಸ್ ಕಾರ್ಪ್, 2018ರ ಜುಲೈನಲ್ಲಿ. ಈ ಬಾರಿ ಪಾಲು ಅರ್ಧವಲ್ಲ, ಶೇ 70. ಅಂದರೆ ಚುಕ್ಕಾಣಿಯೇ ಕೈಬದಲಾಯಿತು. ಕ್ವೆಸ್ ಈಸ್ಟ್ ಬೆಂಗಾಲ್ ಮೊದಲ ವರ್ಷವೇ ಐ-ಲೀಗ್‌ನಲ್ಲಿ ಚೆನ್ನೈ ಸಿಟಿಗಿಂತ ಒಂದೇ ಒಂದು ಅಂಕ ಹಿಂದೆ ಬಿದ್ದು ಎರಡನೆಯ ಸ್ಥಾನ ಪಡೆಯಿತು. ಆದರೆ ಹಣ ಹಾಕಿದವರಿಗೂ ಹಳೆಯ ಸಮಿತಿಗೂ ಹೊಂದಲಿಲ್ಲ. 2020ರ ಮೇ ಅಂತ್ಯಕ್ಕೆ ಕ್ವೆಸ್ ಹೊರಬಂದಿತು. ನೂರು ವರ್ಷ ತುಂಬುವ ಹೊತ್ತಿಗೆ ಈಸ್ಟ್ ಬೆಂಗಾಲ್‌ಗೆ ಯಜಮಾನರೇ ಇರಲಿಲ್ಲ. ಅಭಿಮಾನಿಗಳ ಬಾಯಲ್ಲಿ ದಿನಕ್ಕೊಂದು ಹೆಸರು.

ಕೊನೆಗೆ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಮಧ್ಯಸ್ಥಿಕೆಯಲ್ಲಿ ಶ್ರೀ ಸಿಮೆಂಟ್ 2020ರ ಸೆಪ್ಟೆಂಬರ್‌ನಲ್ಲಿ ಬಂತು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆರಂಭದ ಒಪ್ಪಂದಕ್ಕೆ ಸಹಿ ಬಿತ್ತು, ತಂಡ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆಡಿತು. ಅಂತಿಮ ಒಪ್ಪಂದದ ಕಾಗದ ಬಂದಾಗ, ಇದರಲ್ಲಿ ಸದಸ್ಯರ ಹಕ್ಕುಗಳೇ ಹೋಗುತ್ತವೆ ಎಂದು ಪದಾಧಿಕಾರಿಗಳು ಸಹಿಗೆ ನಿರಾಕರಿಸಿದರು. ಸಹಿ ಇಲ್ಲದೆ ಹಣ ಇಲ್ಲ ಎಂದಿತು ಕಂಪನಿ. 2021ರ ಜುಲೈ 21ರಂದು ಅಭಿಮಾನಿಗಳು ಕ್ಲಬ್ಬಿನ ಮುಂದೆ ಸೇರಿದರು. ಸಹಿ ಹಾಕಿ ಎನ್ನುವವರೂ ಇದ್ದರು, ಹಾಕಬೇಡಿ ಎನ್ನುವವರೂ ಇದ್ದರು. ಪರಸ್ಪರ ಕೈಮಿಲಾಯಿಸುವ ಹಂತ ತಲುಪಿ ಪೊಲೀಸರು ಲಾಠಿ ಬೀಸಿದರು. ಷೇರು ಒಪ್ಪಂದದ ಕರಡಿನ ಸಲುವಾಗಿ ಲಾಠಿ ಏಟು ತಿಂದವರು ಜಗತ್ತಿನಲ್ಲಿ ಇನ್ನೆಲ್ಲಾದರೂ ಇದ್ದಾರೆಯೇ? ಶ್ರೀ ಸಿಮೆಂಟ್ 2022ರಲ್ಲಿ ಬಿಟ್ಟುಹೋಯಿತು, ಅದೇ ವರ್ಷ ಇಮಾಮಿ ಬಂತು.

ಆಚೆ ದಡದ ಮೋಹನ್ ಬಾಗಾನ್‌ನಲ್ಲಿ ಜಗಳ ಬೇರೆ ಬಗೆಯದು. 2020ರ ಜನವರಿಯಲ್ಲಿ ಸಂಜೀವ್ ಗೋಯೆಂಕಾ ಅವರ ಸಮೂಹ ಫುಟ್‌ಬಾಲ್ ಕಂಪನಿಯ ಶೇ 80 ಪಾಲು ಪಡೆಯಿತು. ಅವರ ಬಳಿ ಆಗಲೇ ಎಟಿಕೆ ಎಂಬ ತಂಡವಿತ್ತು. ಎರಡನ್ನೂ ಬೆಸೆದು ಎಟಿಕೆ ಮೋಹನ್ ಬಾಗಾನ್ ಎಂದು ಹೆಸರಿಟ್ಟರು. ಹಣ ಬಂತು, ಆಟಗಾರರು ಬಂದರು, ಆದರೆ 1889ರ ಹೆಸರಿನ ಹಿಂದೆ ಮೊನ್ನೆ ಹುಟ್ಟಿದ ಮೂರು ಅಕ್ಷರ ಅಂಟಿಕೊಂಡದ್ದನ್ನು ಜನ ಸಹಿಸಲಿಲ್ಲ. ಆ ಮೂರು ಅಕ್ಷರ ತೆಗೆಯಿರಿ ಎಂಬ ಫಲಕಗಳು ಮೂರು ವರ್ಷ ಹಾರಾಡಿದವು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಆ ತಂಡ ಪೆನಾಲ್ಟಿಗಳಲ್ಲಿ ಗೆದ್ದಿತು. ಸೋತವರು ನಮ್ಮ ಬೆಂಗಳೂರು ಎಫ್‌ಸಿ. ಆ ಗೆಲುವಿನ ಬೆನ್ನಲ್ಲೇ ಗೋಯೆಂಕಾ ಎಟಿಕೆಯನ್ನು ಕೈಬಿಡುವುದಾಗಿ ಘೋಷಿಸಿದರು. ಅದರ ಜಾಗದಲ್ಲಿ ‘ಸೂಪರ್ ಜೈಂಟ್’ ಎಂಬ ಬಾಲ ಬಂತೆನ್ನುವುದು ಬೇರೆ ಮಾತು.

ಒಡೆತನ ಮತ್ತು ಅಭಿಮಾನದ ಈ ತಕರಾರು ಆಟಕ್ಕಷ್ಟೇ ಸೀಮಿತವಲ್ಲ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವನ್ನು 1884ರಲ್ಲಿ ಕಟ್ಟಿದ್ದು ಗೆಳೆಯರ ಒಂದು ಗುಂಪು. ಬಾಲನಟನಾಗಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. ಅಲ್ಲಿ ಕೊಂಡವನು ಹೊರಗಿನ ಸಾಹುಕಾರನಲ್ಲ, ರಂಗದ ಮೇಲೆ ಬೆಳೆದವನು. ಪ್ರೇಕ್ಷಕನಿಗೆ ಹೆದರಿಕೆಯ ಕಾರಣವಿರಲಿಲ್ಲ. ಫುಟ್‌ಬಾಲ್‌ನಲ್ಲಿ ಆ ಭಾಗ್ಯ ಅಪರೂಪ.

ಬೆಂಗಳೂರಿನ ಸರದಿ

ನಮ್ಮ ರಾಜಧಾನಿಯ ಫುಟ್‌ಬಾಲ್ ಹಳೆಯದು. ಬೆಂಗಳೂರು ಮುಸ್ಲಿಮ್ಸ್ 1937ರಲ್ಲೇ ಮುಂಬೈನ ರೋವರ್ಸ್ ಕಪ್ ಗೆದ್ದಿತ್ತು. ಸ್ವಾತಂತ್ರ್ಯದ ನಂತರ ಆಟವನ್ನು ಸಾಕಿದವು ಕಾರ್ಖಾನೆಗಳು: ಎಚ್‌ಎಎಲ್, ಐಟಿಐ. ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯೂ ಅದೇ ಎಚ್‌ಎಎಲ್‌ನದು. ಕಾರ್ಖಾನೆಯ ತಂಡವನ್ನು ಯಾರು ಕೊಳ್ಳುತ್ತಾರೆ ಎಂದು ಕೇಳುವವರಿರಲಿಲ್ಲ. ಆಟಗಾರ ಬೆಳಿಗ್ಗೆ ಪಾಳಿಯ ನೌಕರ, ಸಂಜೆ ಫಾರ್ವರ್ಡ್. ಅಭಿಮಾನಿ ಪಕ್ಕದ ಯಂತ್ರದ ನೌಕರ. ಅಂಥ ತಂಡ ಮಾರಾಟವಾಗುವುದಿಲ್ಲ, ಮುಚ್ಚಿಹೋಗುತ್ತದೆ. ಮುಂಬೈನ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಹಾಗೆಯೇ ಮುಚ್ಚಿದವು. ಎಚ್‌ಎಎಲ್ 2011–12ರ ಸಾಲಿನಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು.

ಆ ಖಾಲಿ ಜಾಗಕ್ಕೆ 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಬೆಂಗಳೂರು ಎಫ್‌ಸಿ ಬಂತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಸಮೂಹವೇ ಇದು. ಇಲ್ಲಿ ಕ್ರಮ ತಿರುವುಮುರುವು: ಕೋಲ್ಕತ್ತದಲ್ಲಿ ಮೊದಲು ಜನ, ಆಮೇಲೆ ಮಾಲೀಕ, ಬೆಂಗಳೂರಿನಲ್ಲಿ ಮೊದಲು ಮಾಲೀಕ, ಆಮೇಲೆ ಜನ. ಆದರೂ ಜನ ಸೇರಿದರು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2018–19ರಲ್ಲಿ ಐಎಸ್‌ಎಲ್ ಕಿರೀಟ. ಸುನಿಲ್ ಚೆಟ್ರಿ ಬೆಂಗಳೂರಿನವರೇ ಆಗಿಬಿಟ್ಟರು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗವನ್ನು ಯಾವ ಕಂಪನಿಯೂ ಸಂಬಳ ಕೊಟ್ಟು ಕರೆತಂದದ್ದಲ್ಲ.

ಹಾಗಿದ್ದೂ 2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ತಪ್ಪು ತಂಡದ್ದಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುತ್ತಿದ್ದ ಸಂಸ್ಥೆಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಮುಂದೇನೆಂಬುದು ತೀರ್ಮಾನವಾಗಿರಲಿಲ್ಲ. ಲೀಗ್ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಸಾರವಿಲ್ಲ, ಪ್ರಾಯೋಜಕನಿಲ್ಲ. ಅದೇ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿಯಲ್ಲಿದ್ದ ತನ್ನ ಪಾಲು ಬಿಟ್ಟು ಹೊರಟಿತು. ಐಎಸ್‌ಎಲ್ ಮತ್ತೆ ಶುರುವಾಗಲು 2026ರ ಫೆಬ್ರುವರಿಯೇ ಬರಬೇಕಾಯಿತು. ಕ್ರಿಕೆಟ್ ಅಭಿಮಾನಿ ಎಷ್ಟು ಸಾವಿರ ಕೋಟಿಗೆ ಮಾರಾಟವಾದೀತು ಎಂದು ಊಹಿಸುತ್ತಿದ್ದ ಅದೇ ಚಳಿಗಾಲದಲ್ಲಿ ಫುಟ್‌ಬಾಲ್ ಅಭಿಮಾನಿ ಇರುವ ಮಾಲೀಕ ಉಳಿದರೆ ಸಾಕು ಎಂದು ಹರಕೆ ಹೊರುವ ಸ್ಥಿತಿಯಲ್ಲಿದ್ದ.

ಹೊರದೇಶಗಳಲ್ಲಿ ಇದಕ್ಕೆ ಮದ್ದು ಹುಡುಕಿದ್ದಾರೆ. ಜರ್ಮನಿಯಲ್ಲಿ ಕ್ಲಬ್‌ನ ಸದಸ್ಯರ ಬಳಿ ಅರ್ಧಕ್ಕಿಂತ ಒಂದು ಮತ ಹೆಚ್ಚಾಗಿ ಇರಲೇಬೇಕೆಂಬ ನಿಯಮ 1998ರಿಂದ ಇದೆ (ಕೆಲವು ವಿನಾಯಿತಿಗಳೂ ಇವೆ). ಯುಬಿ ಸಮೂಹ ಕೋಲ್ಕತ್ತದಲ್ಲಿ ಅರ್ಧ ಪಾಲು ಪಡೆದ ವರ್ಷವೇ ಅದು. ಇಂಗ್ಲೆಂಡಿನಲ್ಲಿ ಅಂಥ ತಡೆ ಇಲ್ಲದ್ದರಿಂದ ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ದೊಡ್ಡ ಸಾಲ ಎತ್ತಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡು, ಆ ಸಾಲದ ಬಹುಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಸಿಟ್ಟಿಗೆದ್ದ ಅಭಿಮಾನಿಗಳ ಒಂದು ಗುಂಪು ಹೊರಬಂದು ಸ್ವಂತ ಕ್ಲಬ್ಬನ್ನೇ ಕಟ್ಟಿತು. ಅದೇ ಕುಟುಂಬ 2022ರ ನವೆಂಬರ್‌ನಲ್ಲಿ ಮಾರಾಟದ ಸುಳಿವು ಕೊಟ್ಟಾಗ ಕತಾರಿನ ಶೇಖನೋ, ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಅವರೋ ಎಂದು ಜನ ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ಹಾಕಿದರು. ಶೇಖ್ ಹಿಂದೆ ಸರಿದರು, ರ‍್ಯಾಟ್‌ಕ್ಲಿಫ್‌ಗೆ ಸಿಕ್ಕಿದ್ದು ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಗ್ಲೇಜರ್‌ಗಳು ಉಳಿದರು. ಇಷ್ಟೆಲ್ಲ ಆದ ಮೇಲೆ 2025ರಲ್ಲಿ ಅಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು. ಹೊಸ ಮಾಲೀಕನ ಯೋಗ್ಯತೆ ಪರೀಕ್ಷಿಸಲು ಸ್ವತಂತ್ರ ನಿಯಂತ್ರಕ, ಲಾಂಛನ ಮತ್ತು ಅಂಗಿಯ ಬಣ್ಣಕ್ಕೆ ರಕ್ಷಣೆ ಅದರಲ್ಲಿವೆ. ನಮ್ಮಲ್ಲಿ ಅದೇ ವರ್ಷ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮುಖ್ಯವಾಗಿ ಫೆಡರೇಷನ್‌ಗಳ ಕುರಿತದ್ದು.

ಹೀಗಾಗಿ ನಮ್ಮ ಅಭಿಮಾನಿಗೆ ಉಳಿದಿರುವುದು ಊಹೆಯೊಂದೇ. ಆದರೆ ಆ ಊಹೆ ಬಹುತೇಕ ಒಂದೇ ದಾರಿ ಹಿಡಿಯುತ್ತದೆ: ಯಾರ ಬಳಿ ಹಣ ಹೆಚ್ಚು? ಕೋಲ್ಕತ್ತದ ಅನುಭವ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆ ಎನಿಸುತ್ತದೆ. ಪಾಲು ಅರ್ಧವೋ, ಶೇ 70ರಷ್ಟೋ? ಹೆಸರು, ಬಣ್ಣ, ಮೈದಾನ ಯಾರ ವಶ? ಬಂದವರು ಬಿಟ್ಟುಹೋಗುವಾಗ ಆಡುವ ಹಕ್ಕು ಯಾರಿಗೆ ಮರಳುತ್ತದೆ? ಈಸ್ಟ್ ಬೆಂಗಾಲ್‌ನಲ್ಲಿ ಕೊನೆಯ ಪ್ರಶ್ನೆಯೇ ಪ್ರತಿ ಸಲ ಕುತ್ತಿಗೆಗೆ ಬಂದದ್ದು.

ಆರ್‌ಸಿಬಿಯ ಒಡೆತನ ಅದಕ್ಕೂ ಮೊದಲು ಒಮ್ಮೆ ಸದ್ದಿಲ್ಲದೆ ಕೈಬದಲಾಗಿತ್ತು ಎಂಬುದು ಎಷ್ಟು ಜನರಿಗೆ ನೆನಪಿದೆ? 2014ರಲ್ಲಿ ಬ್ರಿಟನ್ನಿನ ಡಿಯಾಜಿಯೊ ಯುನೈಟೆಡ್ ಸ್ಪಿರಿಟ್ಸ್‌ನ ಬಹುಪಾಲು ಹಿಡಿತ ಪಡೆದಾಗ, ಮನೆ ಮಾರಿದಾಗ ಗೋಡೆಯ ಗಡಿಯಾರವೂ ಹೋಗುವ ಹಾಗೆ, ತಂಡವೂ ಜೊತೆಗೆ ಹೋಯಿತು. ಆಗ ಊಹಾಪೋಹವೂ ಇರಲಿಲ್ಲ, ಚಹಾದಂಗಡಿಯ ಚರ್ಚೆಯೂ ಇರಲಿಲ್ಲ. ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದದ್ದು ಆ ಹೊಸ ಒಡೆಯರ ಕಾಲದಲ್ಲೇ, 2024ರ ಮಾರ್ಚ್ 19ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ತುಂಬಿದ ಸಭೆಯ ಎದುರು.